ಹಿಂದಿನ ಬ್ರೇಕ್ ಶೂ ಬೇಗ ಸವೆಯುತ್ತಿತ್ತು: ತೊಂದರೆ ಇದ್ದದ್ದು ಕೇಬಲ್‌ನಲ್ಲಿ

ನಮ್ಮ ಸಣ್ಣ ಕಾರಿನ ಹಿಂದಿನ ಬ್ರೇಕ್ ಶೂ (ಚಕ್ರದ ಜೊತೆ ತಿರುಗುವ ಡ್ರಮ್‌ಗೆ ಒಳಗಿನಿಂದ ಒತ್ತಿ ಅದನ್ನು ನಿಲ್ಲಿಸುವ ಬಾಗಿದ ತುಂಡು) ಬೇಗ ಸವೆಯುತ್ತಿತ್ತು, ಅದೂ ಎಡಗಡೆಯದು ಮಾತ್ರ. ಕಲಬುರಗಿಯಿಂದ ಶಹಾಬಾದ್‌ಗೆ ಹೋಗಿ ಬಂದರೆ ಆ ಚಕ್ರದ ಹತ್ತಿರ ಸುಟ್ಟ ವಾಸನೆ. ಬ್ರೇಕ್ ಹಾಕಿದಾಗ ಜಾಸ್ತಿ ಭಾರ ಬೀಳುವುದು ಮುಂದಿನ ಚಕ್ರಗಳ ಮೇಲೆ. ಹಿಂದಿನದೇ ಮೊದಲು ಸವೆದರೆ ಏನೋ ಹಿಡಿದುಕೊಂಡಿರಬೇಕು, ಅಲ್ವಾ?

ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ ಕೈಯಿಂದ ತಿರುಗಿಸಿದೆವು. ಬಲಗಡೆಯದು ಸಲೀಸು, ಎಡಗಡೆಯದು ಬಿಗಿ. ಡ್ರಮ್ ಬಿಚ್ಚಿದರೆ ಕಪ್ಪು ಪುಡಿ. ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಗಾಜಿನಂತೆ ಹೊಳೆಯುತ್ತಿತ್ತು. ಹ್ಯಾಂಡ್‌ಬ್ರೇಕ್ ಕೇಬಲ್‌ನ ರಬ್ಬರ್ ಹರಿದು, ನೀರು, ಧೂಳು ಸೇರಿ ಒಳಗೆ ತುಕ್ಕು. ಹಾಗಾಗಿ ಕೇಬಲ್ ಪೂರ್ತಿ ವಾಪಸ್ ಬರುತ್ತಿರಲಿಲ್ಲ, ಶೂ ಡ್ರಮ್‌ಗೆ ಉಜ್ಜುತ್ತಲೇ ಇತ್ತು.

"ಕೇಬಲ್ ಬಿಟ್ಟು ಸುಮ್ನೆ ಶೂ ಹಾಕಿದ್ರ ಮತ್ತ ಅದೇ ಪಾಡು ನೋಡ್ರಿ ಸರ್" ಎಂದರು ಮೆಕ್ಯಾನಿಕ್.

ಕೇಬಲ್ ಬದಲಾಯಿಸಿ, ಎರಡೂ ಕಡೆ ಹೊಸ ಶೂ ಹಾಕಿಸಿದೆ. ಈಗ ವಾಸನೆ ಇಲ್ಲ. ಡ್ರಮ್‌ನ ಪುಡಿಗೆ ಗಾಳಿ ಹೊಡೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಪುಡಿ ಎದೆಗೆ ಒಳ್ಳೆಯದಲ್ಲ.