ಸ್ಪ್ರಿಂಟ್ ಕ್ವಾಲಿಫೈಯಿಂಗ್: ಲೆಕ್ಕ ಶುರುವಾಗುವುದು ಬಾವುಟದಿಂದ

ಸ್ಪ್ರಿಂಟ್ ರೇಸಿಗೆ, ಅಂದರೆ ಮುಖ್ಯ ರೇಸಿಗಿಂತ ಚಿಕ್ಕ ರೇಸಿಗೆ, ಕಾರು ಸಿದ್ಧ ಮಾಡುವ ಮೊದಲು ನಾನು ನಿಯಮಾವಳಿಯಲ್ಲಿ ಹುಡುಕುವುದು ಒಂದೇ ಸಂಗತಿ: ಕ್ವಾಲಿಫೈಯಿಂಗ್‌ನ ಯಾವ ಲ್ಯಾಪ್ ಯಾವ ಗ್ರಿಡ್ಡಿಗೆ? ಕ್ವಾಲಿಫೈಯಿಂಗ್ ಎಂದರೆ ಲ್ಯಾಪ್ ಸಮಯ ಅಳೆಯುವ ಸೆಷನ್, ಗ್ರಿಡ್ ಎಂದರೆ ರೇಸ್ ಆರಂಭದಲ್ಲಿ ಕಾರುಗಳು ನಿಲ್ಲುವ ಕ್ರಮ. ಫಾರ್ಮುಲಾ 2ರಲ್ಲಿ ಕ್ವಾಲಿಫೈಯಿಂಗ್‌ನ ಮೊದಲ 10 ಮಂದಿಯ ಕ್ರಮವನ್ನು ತಿರುಗಿಸಿ ಸ್ಪ್ರಿಂಟ್ ಗ್ರಿಡ್ ಮಾಡುತ್ತಾರೆ. ಫಾರ್ಮುಲಾ 3ರಲ್ಲಿ 12 ಮಂದಿಯದು. ಎಷ್ಟೋ ಕಿರಿಯ ಸರಣಿಗಳಲ್ಲಿ ಅತಿ ವೇಗದ ಲ್ಯಾಪ್ ಒಂದನೇ ರೇಸಿಗೆ, ಎರಡನೇ ಅತಿ ವೇಗದ್ದು ಎರಡನೇ ರೇಸಿಗೆ. ಅಲ್ಲಿ ಒಂದೇ ಅದ್ಭುತ ಲ್ಯಾಪ್ ಹೊಡೆದು ಒಳಗೆ ಬಂದರೆ ಅರ್ಧ ಕೆಲಸ ಬಾಕಿ ಉಳಿಯುತ್ತದೆ.

ಫಾರ್ಮುಲಾ 1ರ ಸ್ಪ್ರಿಂಟ್‌ಗೆ ಈಗ ಪ್ರತ್ಯೇಕ ಕ್ವಾಲಿಫೈಯಿಂಗ್ ಇದೆ. 2021ರಲ್ಲಿ ಹಾಗಿರಲಿಲ್ಲ, ಶುಕ್ರವಾರದ ಮಾಮೂಲಿ ಕ್ವಾಲಿಫೈಯಿಂಗ್ ಸ್ಪ್ರಿಂಟ್ ಗ್ರಿಡ್ ಕೊಡುತ್ತಿತ್ತು, ಸ್ಪ್ರಿಂಟ್ ಫಲಿತಾಂಶ ಭಾನುವಾರದ ಗ್ರಿಡ್ ಕೊಡುತ್ತಿತ್ತು. 2023ರಲ್ಲಿ ಎರಡನ್ನೂ ಬೇರ್ಪಡಿಸಿದರು. 2024ರಿಂದ 60 ನಿಮಿಷದ ಒಂದೇ ಅಭ್ಯಾಸದ ನಂತರ ಶುಕ್ರವಾರವೇ ಸ್ಪ್ರಿಂಟ್ ಕ್ವಾಲಿಫೈಯಿಂಗ್ ನಡೆಯುತ್ತದೆ. ಹಂತಗಳು 12, 10 ಮತ್ತು 8 ನಿಮಿಷ. ಮೊದಲ ಎರಡಕ್ಕೆ ಮೀಡಿಯಂ ಟೈರ್, ಕೊನೆಯದಕ್ಕೆ ಸಾಫ್ಟ್.

ಈ 8 ನಿಮಿಷವೇ ಎಲ್ಲಕ್ಕಿಂತ ಇಕ್ಕಟ್ಟು. ಲೆಕ್ಕವನ್ನು ಸಮಯ ಮುಗಿಯಿತೆಂದು ತೋರಿಸುವ ಬಾವುಟದಿಂದ ಹಿಂದಕ್ಕೆ ಹಾಕಬೇಕು. ಬಾವುಟ ಬೀಳುವ ಮೊದಲು ಗೆರೆ ದಾಟಿ ಲ್ಯಾಪ್ ಆರಂಭಿಸಿದ್ದರೆ ಸಾಕು, ಮುಗಿಸಬೇಕಾಗಿಲ್ಲ. ಔಟ್ ಲ್ಯಾಪ್‌ಗೆ 1 ನಿಮಿಷ 55 ಸೆಕೆಂಡು (ಪಿಟ್‌ನಿಂದ ಹೊರಟು ಆರಂಭದ ಗೆರೆ ತಲುಪುವ ಸುತ್ತಿಗೆ) ಬೇಕೆನ್ನಿ. ಕೊನೆಯ ತಿರುವಿನ ಬಳಿ ಎಲ್ಲರೂ ಅಂತರ ಬಿಡಲು ನಿಧಾನಿಸುವುದರಿಂದ ಅದಕ್ಕೆ 20 ಸೆಕೆಂಡು ಸೇರಿಸಿ. 2 ನಿಮಿಷ 15 ಸೆಕೆಂಡು ಉಳಿದಿರುವಾಗ ಕಾರು ಪಿಟ್ ಬಾಗಿಲು ದಾಟಿರಬೇಕು. ಕೊನೆಯಲ್ಲಿ ಟ್ರ್ಯಾಕ್ ಹೆಚ್ಚು ಹಿಡಿತ ಕೊಡುತ್ತದೆಂದು ಇನ್ನೂ ಕಾಯುವವರು ಗೆರೆ ತಲುಪುವಷ್ಟರಲ್ಲಿ ಬಾವುಟ ಬಿದ್ದಿರುತ್ತದೆ.

ಟೈರ್ ಬ್ಲ್ಯಾಂಕೆಟ್ (ಟೈರನ್ನು ಮೊದಲೇ ಬಿಸಿ ಮಾಡುವ ಹೊದಿಕೆ) ಇಲ್ಲದ ಕಿರಿಯ ಸರಣಿಗಳಲ್ಲಿ ಆಟವೇ ಬೇರೆ. 15 ನಿಮಿಷದ ಸೆಷನ್ ಆದರೆ ನಾನು ಕಾರನ್ನು ಪಿಟ್ ಬಾಗಿಲ ಬಳಿಯ ಸಾಲಿನ ಮುಂದೆಯೇ ನಿಲ್ಲಿಸುತ್ತೇನೆ. ಸೆಷನ್ ತಡೆಯುವ ರೆಡ್ ಫ್ಲ್ಯಾಗ್ ಬಂದಾಗ ಗಡಿಯಾರ ನಿಲ್ಲಿಸದ ಸರಣಿಗಳಿವೆ. ಅಲ್ಲಿ ಬೇಗ ಒಂದು ಸಮಯ ದಾಖಲಿಸಿರದಿದ್ದರೆ ಹಿಂದಿನ ಸಾಲೇ ಗತಿ.

ಟೈರಿನ ಗಾಳಿ ವಿಚಾರದಲ್ಲಿ ಆಗುವ ತಪ್ಪು ಹೆಚ್ಚಾಗಿ ಇದು: ರೇಸಿಗೆ ಇಡುವ ತಣ್ಣನೆಯ ಒತ್ತಡವನ್ನೇ ಕ್ವಾಲಿಫೈಯಿಂಗ್‌ಗೂ ಇಡುವುದು. 20 ಪಿಎಸ್ಐ ಆಸುಪಾಸಿನಲ್ಲಿ ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 1 ಪಿಎಸ್ಐ ಏರುತ್ತದೆ. ರೇಸಿನಲ್ಲಿ ಏರಲು ಬೇಕಾದಷ್ಟು ಲ್ಯಾಪ್ ಸಿಗುತ್ತವೆ. ಇಲ್ಲಿ ಮೂರನೇ ಲ್ಯಾಪ್‌ಗೇ ಗುರಿ ಮುಟ್ಟಬೇಕು. ಹಾಗಾಗಿ ರೇಸಿಗಿಂತ 1ರಿಂದ 2 ಪಿಎಸ್ಐ ಹೆಚ್ಚಿಗೆ ಇಟ್ಟು ಕಳಿಸುತ್ತೇನೆ. ಬಿಸಿಲು ಒಂದೇ ಬದಿಯ ಟೈರ್‌ಗಳಿಗೆ ಬೀಳುತ್ತಿದ್ದರೆ ಅಳತೆ ಮೋಸ ಮಾಡುತ್ತದೆ, ನಾಲ್ಕನ್ನೂ ನೆರಳಲ್ಲಿಟ್ಟೇ ಅಳೆಯಬೇಕು. ಕಾರು ಒಳಗೆ ಬಂದೊಡನೆ, ಬೇರೆ ಯಾವ ಮಾತಿಗೂ ಮೊದಲು, ಬಿಸಿ ಒತ್ತಡ ಬರೆದುಕೊಳ್ಳಬೇಕು. ಎರಡು ನಿಮಿಷ ತಡವಾದರೆ ಆ ಅಂಕಿಯನ್ನು ನಂಬುವಂತಿಲ್ಲ.

ಚಾಲಕರಿಗೆ ಹೇಳುವುದು ಕಡಿಮೆ. ಮುಂದಿನ ಕಾರಿಗೂ ನಿಮಗೂ 4–5 ಸೆಕೆಂಡು ಅಂತರ ಇರಲಿ. ಅದಕ್ಕಿಂತ ಹತ್ತಿರವಾದರೆ ತಿರುವಿನಲ್ಲಿ ಮುಂಭಾಗದ ಹಿಡಿತ ಹೋಗುತ್ತದೆ. ಮೊದಲ ವೇಗದ ಲ್ಯಾಪ್‌ನಲ್ಲಿ ಬಿಳಿ ಗೆರೆಯ ಒಳಗೇ ಉಳಿಯಿರಿ. ಗೆರೆ ದಾಟಿ ಆ ಸಮಯ ಅಳಿಸಿಹೋದರೆ ಮುಂದಿನ ಲ್ಯಾಪ್‌ನಲ್ಲಿ ಧೈರ್ಯ ಮಾಡಲಾಗುವುದಿಲ್ಲ.

ಇಂಧನದಲ್ಲಿ ಜಿಪುಣತನ ಬೇಡ. ಪೆಟ್ರೋಲ್ ಲೀಟರಿಗೆ ಸುಮಾರು 0.75 ಕೆಜಿ. ನಾಲ್ಕು ಲೀಟರ್ ತೆಗೆದರೆ ಕಾರು ಹಗುರಾಗುವುದು 3 ಕೆಜಿ ಅಷ್ಟೆ. ಆದರೆ ತಳದಲ್ಲಿ ಉಳಿದ ಪೆಟ್ರೋಲ್ ಉದ್ದನೆಯ ತಿರುವಿನಲ್ಲಿ ಒಂದು ಪಕ್ಕಕ್ಕೆ ಸರಿದು, ಪಂಪ್ ಗಾಳಿ ಎಳೆದುಕೊಂಡು, ಎಂಜಿನ್ ತಡವರಿಸುತ್ತದೆ. ತಪಾಸಣೆಗೆ ಮಾದರಿ ಕೊಡುವಷ್ಟೂ ಟ್ಯಾಂಕಿನಲ್ಲಿ ಉಳಿದಿರಬೇಕು. ಕನಿಷ್ಠ ತೂಕವನ್ನು ತುಂಬಿದ ಟ್ಯಾಂಕಿನೊಂದಿಗೆ ನೋಡಿದ್ದರೆ, ಸೆಷನ್ ಮುಗಿದ ಮೇಲೆ ತೂಕದ ಕಟ್ಟೆಯಲ್ಲಿ ಕಾರು ಒಂದೆರಡು ಕೆಜಿ ಕಡಿಮೆ ಬಂದು ಎಲ್ಲ ಸಮಯಗಳೂ ರದ್ದಾಗುತ್ತವೆ. ಅದಕ್ಕೇ ಹಿಂದಿನ ಸಂಜೆಯೇ, ಸೆಷನ್ ಕೊನೆಯಲ್ಲಿ ಉಳಿಯುವಷ್ಟೇ ಪೆಟ್ರೋಲ್ ಹಾಕಿ, ಹೆಲ್ಮೆಟ್ ಸಮೇತ ಚಾಲಕರನ್ನು ಕೂರಿಸಿ ತೂಗಿಬಿಡುತ್ತೇನೆ.