1/32 ಫ್ಯಾಂಟಮ್ ಕಟ್ಟಿದ್ದು ಹೀಗೆ
ದೊಡ್ಡ ಅಳತೆಯ ಪ್ಲಾಸ್ಟಿಕ್ ಜೆಟ್ ಮಾದರಿ ಕಟ್ಟಬೇಕು ಅಂದುಕೊಂಡವರು ಮೊದಲು ಕೇಳುವುದು ಯಾವ ರೆಸಿನ್ ಸೆಟ್ (ಬೇರೆಯಾಗಿ ಕೊಳ್ಳುವ ಅಚ್ಚಿನ ಬಿಡಿಭಾಗ) ತಗೊಳ್ಳಲಿ, ಯಾವ ಫೋಟೋ-ಎಚ್ (ತೆಳು ಲೋಹದ ಬಿಡಿಭಾಗ) ಹಾಕಲಿ ಅಂತ. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. 1/32 ಮಾದರಿಯಲ್ಲಿ, ಅಂದರೆ ಅಸಲಿ ವಿಮಾನದ ಮೂವತ್ತೆರಡನೇ ಒಂದು ಅಳತೆಯದರಲ್ಲಿ, ಕಣ್ಣಿಗೆ ಮೊದಲು ಬೀಳುವುದು ಅದರ ಮೈ. ಅಗಲವಾದ ಖಾಲಿ ರೆಕ್ಕೆ, ಉದ್ದನೆಯ ಬೆನ್ನು, ಎಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್‌ನ ಒಳಗೋಡೆ. ಅಲ್ಲೊಂದು ಜೋಡಣೆಯ ಗೆರೆ ಉಳಿದುಬಿಟ್ಟರೆ, ಕಾಕ್‌ಪಿಟ್ ಒಳಗೆ ಎಷ್ಟೇ ಸ್ವಿಚ್ ಇದ್ದರೂ ನೋಡಿದವರಿಗೆ ಅದು ಆಟಿಕೆಯೇ. ಹಾಗಾಗಿ ಅಮೆರಿಕ ನೌಕಾಪಡೆಯ ಎಫ್-4ಜೆ ಫ್ಯಾಂಟಮ್ ಯುದ್ಧವಿಮಾನ ಕಟ್ಟುವಾಗ ನಾನು ಹೆಚ್ಚು ಹೊತ್ತು ಕಳೆದಿದ್ದು ಮೈಯ ಮೇಲೆ. ಹೊರಗಿನಿಂದ ಕೊಂಡ ಬಿಡಿಭಾಗ ತೀರಾ ಕಡಿಮೆ.

ಫ್ಯಾಂಟಮ್ ಮೊದಲು ಹಾರಿದ್ದು 1958ರ ಮೇ 27ರಂದು. ಆಮೇಲೆ 5,000ಕ್ಕೂ ಹೆಚ್ಚು ತಯಾರಾದವು. ಚಂದದ ವಿಮಾನ ಅಂತ ಇದನ್ನು ಹೊಗಳುವವರು ಕಡಿಮೆ. ರೆಕ್ಕೆಯ ಹೊರಭಾಗ 12 ಡಿಗ್ರಿ ಮೇಲಕ್ಕೆ ಮಡಚಿಕೊಂಡಿದೆ, ಬಾಲದ ಅಡ್ಡರೆಕ್ಕೆ 23 ಡಿಗ್ರಿ ಕೆಳಕ್ಕೆ ಇಳಿದಿದೆ. ಆದರೆ ಮಾದರಿ ಕಟ್ಟುವವರಿಗೆ ಇದು ಹಬ್ಬ. ಒಂದೇ ವಿಮಾನದಲ್ಲಿ ಮ್ಯಾಟ್ ಗ್ರೇ ಇದೆ, ಹೊಳೆಯುವ ಬಿಳಿ ಇದೆ, ಹಿಂದುಗಡೆ ಬಣ್ಣವೇ ಇಲ್ಲದೆ ಸುಟ್ಟು ಕಪ್ಪಾದ ಟೈಟೇನಿಯಂ ಇದೆ.

ಎಫ್-4ಜೆ ಉದ್ದ ಸುಮಾರು 17.8 ಮೀಟರ್. 32ರಿಂದ ಭಾಗಿಸಿದರೆ 55 ಸೆಂ.ಮೀ. ಮೇಲೆ ಚೂರು ಬರುತ್ತದೆ. ಈ ಭಾಗಾಕಾರವನ್ನು ನಾನು ಪ್ರತಿ ಹೆಜ್ಜೆಗೂ ಮಾಡುತ್ತೇನೆ. ಅಸಲಿ ವಿಮಾನದ 1 ಸೆಂ.ಮೀ. ದಪ್ಪದ ಹೈಡ್ರಾಲಿಕ್ ಪೈಪಿಗೆ ಮಾದರಿಯಲ್ಲಿ 0.3 ಮಿ.ಮೀ. ತಂತಿ ಸಾಕು. ಪ್ಯಾನೆಲ್ ನಡುವಿನ 3 ಮಿ.ಮೀ. ಸಂದು ಇಲ್ಲಿ 0.1 ಮಿ.ಮೀ. ಆಗುತ್ತದೆ, ಅಂದರೆ ಕಣ್ಣಿಗೆ ಕಂಡೂ ಕಾಣದ ಹಾಗಿರಬೇಕು. ಇಷ್ಟು ಲೆಕ್ಕ ಹಾಕಿಕೊಂಡರೆ ಯಾವುದನ್ನು ಸೇರಿಸಬೇಕು, ಯಾವುದನ್ನು ಸುಮ್ನೆ ಬಿಡಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಕೈಪಿಡಿ ಕಾಕ್‌ಪಿಟ್‌ನಿಂದ ಶುರುಮಾಡಿ ಅನ್ನುತ್ತದೆ. ನಾನು ಶುರುಮಾಡಿದ್ದು ಇನ್‌ಟೇಕ್‌ನಿಂದ. ಒಂದೊಂದು ಕೊಳವೆಯೂ ಎರಡು ಹೋಳಾಗಿ ಬರುತ್ತದೆ. ಅಂಟಿಸಿದ ಮೇಲೆ ಒಳಗೆ ಉದ್ದಕ್ಕೂ ಗೆರೆ ಉಳಿಯುತ್ತದೆ, ಅಲ್ಲಿಗೆ ಬೆರಳೂ ಹೋಗಲ್ಲ, ಸ್ಯಾಂಡ್ ಪೇಪರೂ ಹೋಗಲ್ಲ. ಇದಕ್ಕೆ ಹಳಬರೆಲ್ಲ ಬಳಸುವ ಉಪಾಯ ಒಂದಿದೆ. ಗೋಡೆಗೆ ಹಚ್ಚುವ ಬಿಳಿ ಲ್ಯಾಟೆಕ್ಸ್ ಬಣ್ಣವನ್ನು ಸ್ವಲ್ಪ ನೀರು ಬೆರೆಸಿ ಹಾಲಿನಷ್ಟು ತೆಳು ಮಾಡಿ, ಕೊಳವೆಯ ಹಿಂದಿನ ಬಾಯಿಯನ್ನು ಟೇಪಿನಿಂದ ಮುಚ್ಚಿ, ಬಣ್ಣವನ್ನು ಒಳಗೆ ಸುರಿದು, ಎಲ್ಲ ಕಡೆ ತಾಗುವಂತೆ ನಿಧಾನವಾಗಿ ತಿರುಗಿಸಿ, ಉಳಿದದ್ದನ್ನು ಬಸಿದುಬಿಡುವುದು. ಆಮೇಲೆ ಬಾಯಿ ಕೆಳಗಾಗಿ ಒಣಗಲು ಬಿಡಬೇಕು, ನಡುನಡುವೆ ತಿರುಗಿಸಿ ಇಡುತ್ತಿರಬೇಕು, ಇಲ್ಲದಿದ್ದರೆ ತಳದಲ್ಲಿ ಬಣ್ಣ ಗಟ್ಟಿಯಾಗಿ ಕೂರುತ್ತದೆ. ಇದನ್ನೇ ಮತ್ತೆ ಮಾಡಿದಾಗ ಗೆರೆ ಮುಚ್ಚಿಹೋಯಿತು. ಒಳಗೆ ಬಿಳಿ, ಬಾಯಿಯ ಹತ್ತಿರ ಒಂದು ಪಟ್ಟಿ ಮಾತ್ರ ಮೈಬಣ್ಣ. ಆ ಪಟ್ಟಿಯ ಅಂಚು ನೇರವಾಗಿ ಬರಲು ತೆಳುವಾದ ಟೇಪನ್ನು ಚಿಮುಟದಲ್ಲಿ ಹಿಡಿದು ಒಳಗೆ ಸುತ್ತಲೂ ಕೂರಿಸಿದೆ. ಕೊಳವೆಯ ಕೊನೆಯಲ್ಲಿ ಜೆ79 ಎಂಜಿನ್ ಇದೆ. ಅದರ ಕಂಪ್ರೆಸರ್ 17 ಹಂತದ್ದು, ನಮಗೆ ಕಾಣುವುದು ಮೊದಲ ಮುಖ ಮಾತ್ರ. ಅದಕ್ಕೆ ಲೋಹದ ಬಣ್ಣ, ಮೇಲೊಂದು ಕಪ್ಪು ವಾಶ್ (ಸಂದುಗಳಿಗೆ ಇಳಿಯುವ ನೀರಿನಷ್ಟು ತೆಳು ಬಣ್ಣ). ಅದಕ್ಕಿಂತ ಜಾಸ್ತಿ ಮಾಡಿದರೆ ದಂಡ.

ಕಾಕ್‌ಪಿಟ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಡುಬೂದು ಒಳಮೈ, ಕಪ್ಪು ಪ್ಯಾನೆಲ್‌ಗಳು. ಸ್ವಿಚ್‌ಗಳ ತಲೆಗೆ ಹಲ್ಲುಕಡ್ಡಿಯ ತುದಿಯಿಂದ ಬಿಳಿ ಚುಕ್ಕಿ ಇಟ್ಟೆ. ಕಣ್ಣು ಹೋಗಿ ನಿಲ್ಲುವುದು ಆಸನದ ಮೇಲೆ. ಮಾರ್ಟಿನ್-ಬೇಕರ್ ಎಜೆಕ್ಷನ್ ಸೀಟಿನ ತಲೆಯ ಮೇಲೆ ಹಳದಿ-ಕಪ್ಪು ಪಟ್ಟೆಯ ಎರಡು ಹಿಡಿಗಳಿರುತ್ತವೆ. ಕಿಟ್‌ನಲ್ಲಿ ಬಂದದ್ದನ್ನು ಕತ್ತರಿಸಿ ತೆಗೆದು, ತೆಳು ತಾಮ್ರದ ತಂತಿಯನ್ನು ಬಗ್ಗಿಸಿ ಹಾಕಿದೆ. ಮೊದಲು ಹಳದಿ ಹಚ್ಚಿ, ಒಣಗಿದ ಮೇಲೆ ತುದಿ ಚೂಪಾದ ಪೆನ್ನಿನಿಂದ ಕಪ್ಪು ಪಟ್ಟೆ ಎಳೆದೆ. ಬೆಲ್ಟುಗಳಿಗೆ ಸೀಸದ ತೆಳು ಹಾಳೆ. ಅದನ್ನು ಹೇಗೆ ಬಗ್ಗಿಸಿದರೆ ಹಾಗೇ ನಿಲ್ಲುತ್ತದೆ, ಕುರ್ಚಿಯ ಮೇಲೆ ಬಿದ್ದ ಪಟ್ಟಿಯಂತೆಯೇ ಕಾಣುತ್ತದೆ. ಸೀಸ ಮುಟ್ಟಿದ ಕೈ ತೊಳೆಯುವುದನ್ನು ಮರೀಬೇಡಿ.

ಇನ್ನು ರೆಕ್ಕೆ. ಫ್ಯಾಂಟಮ್ ಕಿಟ್‌ಗಳಲ್ಲಿ ರೆಕ್ಕೆಯ ಬುಡ ಮತ್ತು ಫ್ಯೂಸಲೇಜ್ (ವಿಮಾನದ ನಡುಮೈ) ಸೇರುವ ಕಡೆ ಸಂದು ಬೀಳುವುದು ಮಾಮೂಲು. ಪುಟ್ಟಿ ತುಂಬಿ ಉಜ್ಜಿದರೆ ಸುತ್ತಲಿನ ಪ್ಯಾನೆಲ್ ಗೆರೆಗಳೂ ಅದರ ಜೊತೆಗೇ ಹೋಗುತ್ತವೆ. ಅದಕ್ಕೆ ಮೊದಲು ಸಂದನ್ನೇ ಕಿರಿದು ಮಾಡಬೇಕು. ದಪ್ಪ ಸ್ಪ್ರೂ (ಕಿಟ್‌ನ ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ತುಂಡೊಂದನ್ನು ಅಳತೆಗೆ ಕತ್ತರಿಸಿ ಫ್ಯೂಸಲೇಜ್ ಒಳಗೆ ಅಡ್ಡಲಾಗಿ ಕೂರಿಸಿದೆ. ಅದು ಎರಡೂ ಬದಿಯನ್ನು ಒಳಗಿನಿಂದ ಹೊರಕ್ಕೆ ಒತ್ತುತ್ತದೆ, ರೆಕ್ಕೆಯ ಬುಡಕ್ಕೆ ಮೈ ಬಂದು ತಾಗುತ್ತದೆ. ಉಳಿದ ಕೂದಲೆಳೆಯಷ್ಟು ಸಂದಿಗೆ ಮಿಸ್ಟರ್ ಸರ್ಫೇಸರ್ 500 ಅನ್ನೋ ದ್ರವರೂಪದ ಪುಟ್ಟಿ ಹಚ್ಚಿ, ಗಟ್ಟಿಯಾಗುವ ಮೊದಲೇ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿದೆ. ಸಂದಿನಲ್ಲಿದ್ದದ್ದು ಮಾತ್ರ ಉಳಿಯಿತು. ಉಜ್ಜುವ ಕೆಲಸವೇ ಬರಲಿಲ್ಲ. ಕೋನಗಳಿಗೆ ರಟ್ಟಿನಲ್ಲಿ 12 ಡಿಗ್ರಿಯ ಒಂದು, 23 ಡಿಗ್ರಿಯ ಒಂದು ಅಚ್ಚು ಕತ್ತರಿಸಿಟ್ಟುಕೊಂಡು, ಅಂಟು ಒಣಗುವವರೆಗೂ ಆ ಅಚ್ಚಿನ ಮೇಲೇ ಒರಗಿಸಿಟ್ಟೆ. ಎಡ ಬಲ ಒಂದು ಡಿಗ್ರಿ ಆಚೀಚೆ ಆದರೂ ಎದುರಿನಿಂದ ನೋಡುವವರಿಗೆ ತಟ್ಟನೆ ಗೊತ್ತಾಗುತ್ತದೆ.

ಬೆನ್ನಿನ ಮೇಲಿನ ಜೋಡಣೆಗೆ ಪುಟ್ಟಿ ಬಳಸಲಿಲ್ಲ. ಸೂಪರ್ ಗ್ಲೂ ಹಚ್ಚಿ, ಗಟ್ಟಿಯಾದ ಕೂಡಲೇ ಉಜ್ಜಿಬಿಟ್ಟೆ. ರಾತ್ರಿ ಕಳೆದರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುತ್ತದೆ, ಆಗ ಉಜ್ಜಿದರೆ ಪಕ್ಕದ ಪ್ಲಾಸ್ಟಿಕ್ ಸವೆಯುತ್ತದೆ, ಗ್ಲೂ ಉಬ್ಬಿಕೊಂಡೇ ಇರುತ್ತದೆ. ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು ದಪ್ಪ ಟೇಪಿನ ಅಂಚಿಗೆ ಸ್ಕ್ರೈಬರ್ ಒತ್ತಿ ಮತ್ತೆ ಗೀರಿದೆ. ಒಂದೇ ಸಲಕ್ಕೆ ಆಳ ತೋಡಬಾರದು, ಹಗುರ ಕೈಯಲ್ಲಿ ಮತ್ತೆ ಮತ್ತೆ ಎಳೆಯಬೇಕು.

ಈ ವಿಮಾನ ಇಷ್ಟ ಆಗಲು ಮುಖ್ಯ ಕಾರಣ ಅದರ ಹಿಂಭಾಗ. ಎಂಜಿನ್ ಬಾಯಿಯ ಹಿಂದೆ, ಬಾಲದ ಕೆಳಗೆ ಇರುವ ತಗಡುಗಳಿಗೆ ಬೆಂಕಿಯ ಬಿಸಿ ನೇರವಾಗಿ ತಾಗುತ್ತದೆ, ಅದಕ್ಕೇ ಅಲ್ಲಿ ಬಣ್ಣ ಇರಲ್ಲ. ಮೊದಲು ಹೊಳೆಯುವ ಕಪ್ಪು, ಅದರ ಮೇಲೆ ಆಲ್ಕ್ಲಾಡ್ ಲೋಹದ ಬಣ್ಣ. ಏರ್‌ಬ್ರಷ್‌ನಲ್ಲಿ 0.3 ಮಿ.ಮೀ. ಸೂಜಿ, ಒತ್ತಡ ಸುಮಾರು 15 ಪಿಎಸ್‌ಐ. ಇಡೀ ಭಾಗಕ್ಕೆ ಒಂದೇ ಬಣ್ಣ ಹೊಡೆದರೆ ಅಡುಗೆಮನೆಯ ಫಾಯಿಲ್ ಸುತ್ತಿದ ಹಾಗೆ ಕಾಣುತ್ತದೆ. ಒಂದೊಂದು ತಗಡನ್ನೂ ಬೇರೆಬೇರೆಯಾಗಿ ಟೇಪ್ ಹಾಕಿ ಮುಚ್ಚಿ, ಸ್ಟೀಲ್, ಡಾರ್ಕ್ ಅಲ್ಯೂಮಿನಿಯಂ, ಮೆಗ್ನೀಸಿಯಂ ಅಂತ ಬಣ್ಣ ಬದಲಿಸುತ್ತಾ ಹೋದೆ. ಆಮೇಲೆ ಬಿಸಿಯ ಕಲೆ. ಟಮಿಯಾದ ಸ್ಮೋಕ್ ಎಕ್ಸ್-19, ಕ್ಲಿಯರ್ ಬ್ಲೂ ಎಕ್ಸ್-23, ಕ್ಲಿಯರ್ ಆರೆಂಜ್ ಎಕ್ಸ್-26 ಮೂರನ್ನೂ ತುಂಬಾ ತೆಳು ಮಾಡಿ, ತಗಡುಗಳ ಅಂಚಿಗೆ ಮಾತ್ರ ಮಂಜಿನಂತೆ ಹಾಯಿಸಿದೆ. ನೀಲಿ ಅಂತ ಎದ್ದು ಕಂಡರೆ ಅತಿಯಾಯಿತು ಅಂತಲೇ ಲೆಕ್ಕ. ಬೆಳಕಿಗೆ ಓರೆ ಹಿಡಿದಾಗ ಮಾತ್ರ ಅದು ಹೊಳೆದು ಹೋಗಬೇಕು. ಬಾಲದ ಅಡ್ಡರೆಕ್ಕೆಯ ಒಳಭಾಗವೂ ಲೋಹವೇ, ಹೊರಭಾಗ ಮಾತ್ರ ಬಿಳಿ.

ಗ್ರೇ ಬಣ್ಣದಲ್ಲಿ ಒಂದು ಸೂಕ್ಷ್ಮ ಇದೆ. ನೌಕಾಪಡೆಯ ಈ ವಿಮಾನಗಳ ಮೇಲ್ಭಾಗದ ಲೈಟ್ ಗಲ್ ಗ್ರೇ ಮೊದಲು ಮ್ಯಾಟ್ ಆಗಿತ್ತು, 1970ರ ದಶಕದ ಆರಂಭದಲ್ಲಿ ಹೊಳಪಿನದ್ದಾಯಿತು. ಯಾವ ವರ್ಷದ ವಿಮಾನ ಕಟ್ಟುತ್ತೀರಿ ಅನ್ನೋದು ಮೊದಲೇ ತೀರ್ಮಾನ ಆಗಬೇಕು, ಕೊನೆಗೆ ಯಾವ ವಾರ್ನಿಷ್ ಅನ್ನೋದು ಅದರ ಮೇಲೆ ನಿಂತಿದೆ. ನನ್ನದು ಮ್ಯಾಟ್ ಕಾಲದ್ದು. ಮೇಲೆ ಗ್ರೇ ಇದ್ದರೂ ರಡ್ಡರ್ ಮತ್ತು ಫ್ಲಾಪ್‌ಗಳ ಮೇಲ್ಮೈ ಬಿಳಿ. ಕಪ್ಪು ತಳದ ಮೇಲೆ ಗ್ರೇಯನ್ನು ಚುಕ್ಕಿ ಚುಕ್ಕಿಯಾಗಿ, ತೇಪೆ ತೇಪೆಯಾಗಿ ಹೊಡೆದು, ಕೊನೆಗೆ ತೆಳು ಪದರದಿಂದ ಎಲ್ಲವನ್ನೂ ಬೆಸೆದೆ. ಅಲ್ಲಲ್ಲಿ ಸ್ವಲ್ಪ ಬೇರೆ ಗ್ರೇಯ ಚೌಕ ತೇಪೆಗಳನ್ನೂ ಹಾಕಿದೆ. ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯದಿರಲಿ ಅಂತ ಹಡಗಿನ ಮೇಲೆ ಹೀಗೇ ತೇಪೆ ಹಚ್ಚುತ್ತಿದ್ದರು, ಅಕ್ಕಪಕ್ಕದ ಬಣ್ಣ ಹೊಂದಲೇಬೇಕು ಅಂತೇನೂ ಇರಲಿಲ್ಲ. ಇಷ್ಟು ದೊಡ್ಡ ರೆಕ್ಕೆಗೆ ಜೀವ ಬರುವುದು ಇದರಿಂದಲೇ, ಕಪ್ಪು ಪ್ಯಾನೆಲ್ ಗೆರೆಯಿಂದಲ್ಲ. ಹೊಟ್ಟೆಯ ಬಿಳಿಗಂತೂ ಕಪ್ಪು ವಾಶ್ ಬೇಡವೇ ಬೇಡ, ತಿಳಿ ಬೂದು ಸಾಕು. ಎಣ್ಣೆ ಸೋರಿದ ಗುರುತುಗಳನ್ನು ಕಂದು ಆಯಿಲ್ ಪೇಂಟಿನಲ್ಲಿ ಇಟ್ಟು, ಗಾಳಿ ಹೋಗುವ ದಿಕ್ಕಿಗೆ, ಅಂದರೆ ಮೂಗಿನಿಂದ ಬಾಲದ ಕಡೆಗೆ, ಒಣ ಬ್ರಷ್ಷಿನಿಂದ ಎಳೆದೆ.

ಡೆಕಲ್‌ಗೆ (ನೀರಲ್ಲಿ ನೆನೆಸಿ ಅಂಟಿಸುವ ಗುರುತು, ಅಕ್ಷರಗಳ ತೆಳು ಚಿತ್ರ) ಮೊದಲು ಹೊಳಪಿನ ವಾರ್ನಿಷ್ ಬೇಕೇ ಬೇಕು, ಒರಟು ಮೈ ಮೇಲೆ ಹಾಕಿದರೆ ಅಡಿಯಲ್ಲಿ ಗಾಳಿ ಸೇರಿ ಬೆಳ್ಳಿಯಂತೆ ಹೊಳೆಯುತ್ತದೆ. ಡೆಕಲನ್ನು ಮೆತ್ತಗೆ ಮಾಡುವ ಮೈಕ್ರೋ ಸಾಲ್ ದ್ರವ ಹಚ್ಚಿದ ಕೂಡಲೇ ಡೆಕಲ್ ಸುಕ್ಕುಗಟ್ಟುತ್ತದೆ, ನೋಡಿದರೆ ಭಯ ಆಗುತ್ತದೆ. ಮುಟ್ಟಬೇಡಿ. ಒಣಗುತ್ತಾ ತಾನೇ ಗೆರೆಗಳೊಳಗೆ ಇಳಿದು ಚಪ್ಪಟೆಯಾಗುತ್ತದೆ.

ಚಕ್ರದ ಗೂಡುಗಳು ಬಿಳಿ, ಬಾಗಿಲುಗಳ ಅಂಚು ಕೆಂಪು. ಬ್ರೇಕ್ ಪೈಪುಗಳಿಗೆ 0.3 ಮಿ.ಮೀ. ಸೀಸದ ತಂತಿ. ಇಷ್ಟು ತೂಕದ ಮಾದರಿಗೆ ಪ್ಲಾಸ್ಟಿಕ್ ಕಾಲು ಕಾಲಕ್ರಮೇಣ ಅಗಲವಾಗಿ ಬಾಗುತ್ತದೆ, ಹಾಗಾಗಿ ನಾನು ದುಡ್ಡು ಕೊಟ್ಟು ಕೊಂಡ ಮುಖ್ಯ ವಸ್ತು ಹಿತ್ತಾಳೆಯ ಕಾಲುಗಳು. ವೈಟ್ ಮೆಟಲ್ ಬೇಡ, ಅದೂ ಮೆತ್ತಗೆ. ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳಕ್ಕೆ (ಕ್ಯಾನೋಪಿ) ಬಿಳಿ ಗೋಂದು, ಸೂಪರ್ ಗ್ಲೂ ಆವಿಗೆ ಗಾಜು ಮಸುಕಾಗುತ್ತದೆ. ಹೊಟ್ಟೆಯಲ್ಲಿ ಅರ್ಧ ಹುದುಗಿ ಕೂರುವ ನಾಲ್ಕು ಸ್ಪ್ಯಾರೋ ಕ್ಷಿಪಣಿಗಳನ್ನು ಬೇರೆಯಾಗಿ ಬಣ್ಣ ಹಚ್ಚಿ ಆಮೇಲೆ ಸೇರಿಸಿದೆ. ಕೊನೆಗೆ ಉಳಿದದ್ದು ಲಂಬ ಬಾಲದ ಮುಂದಿನ ಅಂಚಿನಲ್ಲಿರುವ, ವೇಗ ಅಳೆಯಲು ಬಳಸುವ ಪಿಟೊ ಕೊಳವೆ. ಕಿಟ್‌ನದ್ದು ದಪ್ಪ, ಕೈ ತಾಗಿದರೆ ಮುರಿಯುತ್ತದೆ. ತೆಳು ಇಂಜೆಕ್ಷನ್ ಸೂಜಿಯ ಚೂಪು ತುದಿ ಕತ್ತರಿಸಿ ಅದನ್ನೇ ಬಳಸಿದೆ, ಅಂಟು ಹಾಕದೆ ತೂತಿಗೆ ಸಿಕ್ಕಿಸಿದ್ದೇನೆ ಅಷ್ಟೇ. ಮಾದರಿಯನ್ನು ಎತ್ತಿ ಬೇರೆ ಕಡೆ ಇಡುವಾಗ ಎಳೆದು ತೆಗೆದರಾಯಿತು.