ಗೊನೆ ಎರಡಾಗಿ ಕಂಡರೆ: ಥೈರಾಯ್ಡ್ ಕಣ್ಣಿನ ಮೇಲೆ ಮನೆಯಲ್ಲೇ ನಿಗಾ ಇಡುವುದು

ನನ್ನದು ಬದಿಯಡ್ಕ ಕಡೆ ಅಡಿಕೆ ತೋಟ. ಒಂದು ಮಳೆಗಾಲ ಅಡಿಕೆಗೆ ಮದ್ದು ಸಿಂಪಡಿಸುವಾಗ ಕಣ್ಣೆತ್ತಿ ನೋಡಿದರೆ ಒಂದು ಗೊನೆಯ ಮೇಲೆ ಇನ್ನೊಂದು ಗೊನೆ! ಕೆಳಗೆ ನೋಡಿದರೆ ಎಲ್ಲ ಸರಿ. ಕಣ್ಣು ಕೆಂಪಗಿತ್ತು. ಕೆಂಗಣ್ಣು ಅಂದರು, ಎರಡು ತಿಂಗಳು ಸುಮ್ನೆ ಹನಿಮದ್ದು ಹಾಕಿಕೊಂಡೆ. ಎರಡೆರಡು ಕಾಣದಿರಲಿ ಅಂತ ಗೊತ್ತಿಲ್ಲದೆಯೇ ಗಲ್ಲ ಎತ್ತಿ ನಡೆಯುತ್ತಿದ್ದೆ. "ಏನು, ಗರ್ವ ಬಂತಾ?" ಅಂತ ಹೆಂಡತಿ ಕೇಳಿದ್ದಳು.

ಕಡೆಗೆ ಗೊತ್ತಾಯಿತು, ಅದು ಕೆಂಗಣ್ಣಲ್ಲ, ಥೈರಾಯ್ಡ್ ಕಣ್ಣಿನ ಕಾಯಿಲೆ. ಕಣ್ಣುಗುಡ್ಡೆಯನ್ನು ತಿರುಗಿಸಲು ಆರು ಸ್ನಾಯುಗಳಿವೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಕೆರಳಿಸುವ ಪ್ರತಿಕಾಯಗಳು (ರೋಗದ ವಿರುದ್ಧ ಹೋರಾಡಬೇಕಾದ ದೇಹದ ವಸ್ತುಗಳೇ ದಾರಿ ತಪ್ಪಿದವು) ಕಣ್ಣಿನ ಹಿಂಬದಿಯನ್ನೂ ಬಿಡುವುದಿಲ್ಲ. ಅಲ್ಲಿ ನೀರು ಕಟ್ಟಿ ಸ್ನಾಯು ಊದುತ್ತದೆ. ಹೆಚ್ಚಿನವರಲ್ಲಿ ಮೊದಲು ಕೆಳಗಿನದು, ಆಮೇಲೆ ಮೂಗಿನ ಬದಿಯದು. ಕೆಳಗಿನದು ಬಿಗಿದರೆ ಕಣ್ಣು ಮೇಲೆ ಹೋಗುವುದಿಲ್ಲ, ಗಿಡ್ಡ ಹಗ್ಗದಲ್ಲಿ ಕಟ್ಟಿದ ದನದ ಹಾಗೆ. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಸ್ನಾಯುವಿನ ನಡುಭಾಗ ದಪ್ಪ, ಕಣ್ಣುಗುಡ್ಡೆಗೆ ಅಂಟುವ ತುದಿ ಸಪೂರವೇ ಇತ್ತು. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹಾಗೆಯೇ.

ಮನೆಯಲ್ಲಿ ನೋಡಿಕೊಳ್ಳುವುದು ಹೀಗೆ. ಬೆಳಿಗ್ಗೆಯೇ ನೋಡಿ, ಊತ ಆಗಲೇ ಜಾಸ್ತಿ. ತಲೆ ಅಲ್ಲಾಡಿಸದೆ ಪೆನ್ನಿನ ತುದಿಯನ್ನು ಮೇಲೆ, ಕೆಳಗೆ, ಆಚೀಚೆ ಕಣ್ಣಲ್ಲೇ ಹಿಂಬಾಲಿಸಿ. ಎರಡು ಕಂಡ ಕೂಡಲೇ ಒಂದು ಕಣ್ಣು ಮುಚ್ಚಿ. ಆಗ ಒಂದೇ ಕಂಡರೆ ಎರಡು ಕಣ್ಣೂ ಒಟ್ಟಿಗೆ ತಿರುಗುತ್ತಿಲ್ಲ ಅಂತ ಅರ್ಥ. ಯಾವ ದಿಕ್ಕಿನಲ್ಲಿ ಅಂತ ಬರೆದಿಡಿ. ವಾರಕ್ಕೊಮ್ಮೆ ಅದೇ ಕಿಟಕಿಯ ಹತ್ತಿರ ಎದುರಿನಿಂದ, ಪಕ್ಕದಿಂದ ಫೋಟೋ ತೆಗೆಸಿ. ಡಾಕ್ಟರು ನನ್ನ ಹಳೆ ಮದುವೆ ಫೋಟೋ ಕೂಡ ಕೇಳಿದ್ದರು.

ಇನ್ನೊಂದು ಪರೀಕ್ಷೆ ಬಿಡಲೇಬೇಡಿ. ಕೆಂಪು ದಾಸವಾಳವನ್ನು ಒಂದೊಂದೇ ಕಣ್ಣಲ್ಲಿ ನೋಡಿ. ಒಂದರಲ್ಲಿ ಬಣ್ಣ ಮಾಸಿದ ಹಾಗೆ ಕಂಡರೆ, ಇಲ್ಲವೇ ದೃಷ್ಟಿ ಮಂಕಾದರೆ, ಊದಿದ ಸ್ನಾಯು ನೋಟದ ನರವನ್ನು ಒತ್ತುತ್ತಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ಅನ್ನಬೇಡಿ.

ರಾತ್ರಿ ತಲೆದಿಂಬು ಎತ್ತರವಿರಲಿ. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಡಾಕ್ಟರು ಹೇಳಿದ ಜೆಲ್ ಹಚ್ಚಿ. ಬೀಡಿ, ಸಿಗರೇಟು ಬಿಡಿ. ಹೊಗೆ ಈ ಕಾಯಿಲೆಯನ್ನು ಹೆಚ್ಚಿಸುತ್ತದೆ, ಮದ್ದು ಹಿಡಿಯುವುದನ್ನೂ ಕಡಿಮೆ ಮಾಡುತ್ತದೆ. (ನನಗೆ ಬಿಡಲು ಮೂರು ಸಲ ಬೇಕಾಯಿತು.) ಥೈರಾಯ್ಡಿಗೆ ರೇಡಿಯೋ ಅಯೋಡಿನ್ (ಗ್ರಂಥಿಯನ್ನು ತಗ್ಗಿಸುವ ವಿಕಿರಣದ ಮದ್ದು) ಕೊಡುವ ಮಾತು ಬಂದರೆ ಕಣ್ಣಿನ ವಿಷಯ ಮೊದಲೇ ಹೇಳಿ. ರಕ್ತದ ರಿಪೋರ್ಟು ಸರಿಬಂತು ಅಂತ ಕಣ್ಣು ಸರಿಹೋಗುವುದಿಲ್ಲ, ಅದರ ದಾರಿಯೇ ಬೇರೆ.

ನನಗೆ ವಾರಕ್ಕೊಂದರಂತೆ 12 ವಾರ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಪ್ರತಿ ವಾರ ಕುಂಬಳೆಯಿಂದ ರೈಲು. ಕೆಂಪು, ನೋವು ಇಳಿದವು, ಬಿಗಿತ ಉಳಿಯಿತು. ಅದಕ್ಕೆ ಆಪರೇಶನ್ ಇದೆ, ಆದರೆ ಕಣ್ಣು ಸುಮಾರು ಆರು ತಿಂಗಳು ಬದಲಾಗದೆ ನಿಂತ ಮೇಲೆ. ಅಲ್ಲಿಯವರೆಗೆ ಕನ್ನಡಕದ ಒಂದು ಗಾಜಿಗೆ ಮಸುಕು ಟೇಪ್. ಒಂದೇ ಕಣ್ಣಲ್ಲಿ ದೂರದ ಅಂದಾಜು ತಪ್ಪುತ್ತದೆ, ಹಾಗಾಗಿ ಏಣಿ, ಬೈಕು ಬೇಡ. ಗೊನೆ ಕೊಯ್ಯಲು ಈಗ ಬೇರೆಯವರು ಬರುತ್ತಾರೆ. ಬಿದ್ದ ಅಡಿಕೆ ಹೆಕ್ಕುವುದು ನನ್ನ ಪಾಲು. ಕೆಳಗೆ ನೋಡುವಾಗ ಎಲ್ಲ ಒಂದೇ ಕಾಣುತ್ತದಲ್ವಾ.